ಲ್ಯಾಮಿನೇಟ್ ನೆಲ: 8 ಮಿ.ಮೀ. ಸಾಕಾ, 12 ಬೇಕಾ? ಹಳೇ ಟೈಲ್ಸ್ ಮೇಲೇ ಹಾಕಬಹುದಾ?

ಹೊಸನೆಲ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನೆಲ ಅಂತಸ್ತಿನ ಒಂದು ಮಲಗುವ ಕೋಣೆಗೆ ಲ್ಯಾಮಿನೇಟ್ ಹಾಕಬೇಕು. ಉದ್ದ 4.60 ಮೀಟರ್, ಅಗಲ 3.52 ಮೀಟರ್. ಕಾಂಕ್ರೀಟ್ ಮೇಲೆ ಹಳೇ ಟೈಲ್ಸ್ ಇದೆ. ಅದರಲ್ಲಿ ಎರಡು ಟೈಲ್ಸ್ ತಟ್ಟಿದರೆ ಟೊಳ್ಳು ಸದ್ದು ಬರುತ್ತೆ. ಕಿಟಕಿ ಇರೋದು 3.52 ಮೀಟರಿನ ಗಿಡ್ಡ ಗೋಡೆಯಲ್ಲಿ. ಬಾಗಿಲಿಗೆ ಮರದ ಚೌಕಟ್ಟು. ನೋಡಿಟ್ಟಿರುವ ಹಲಗೆ 1380 × 193 ಮಿ.ಮೀ., ಪ್ಯಾಕಿಗೆ 8 ಹಲಗೆ.

ಗೊಂದಲ ಇರೋದು ಇಷ್ಟು: 8 ಮಿ.ಮೀ. ತಗೊಳ್ಳೋದಾ 12 ತಗೊಳ್ಳೋದಾ? ಎಸಿ3, ಎಸಿ4, ಎಸಿ5 ಅಂತ ಬರೆದಿರುತ್ತಾರಲ್ಲ, ಅದನ್ನು ಎಷ್ಟು ನಂಬಬೇಕು? ಟೈಲ್ಸ್ ಕೀಳಿಸಬೇಕಾ? ಎಷ್ಟು ಪ್ಯಾಕ್ ಬೇಕಾಗುತ್ತೆ? ನಡೆದಾಗ ಮೆತ್ತಗಿರಲಿ ಅಂತ ಅಡಿಗೆ 5 ಮಿ.ಮೀ. ಫೋಮ್ ಹಾಕೋಣ ಅನ್ನೋ ಆಸೆಯೂ ಇದೆ.

ರಸಮಟ್ಟ

ಹಲಗೆ ಆರಿಸುವ ಮೊದಲು ನೆಲ ನೋಡಿ. ಲ್ಯಾಮಿನೇಟ್ ಕೆಟ್ಟಿತು ಎಂದು ಬರುವ ದೂರುಗಳ ಮೂಲ ಹೆಚ್ಚಾಗಿ ಹಲಗೆಯಲ್ಲಿರುವುದಿಲ್ಲ, ಅದರ ಅಡಿಯಲ್ಲಿ ಮತ್ತು ಗೋಡೆಯಂಚಿನಲ್ಲಿ ಇರುತ್ತದೆ.

ಟೈಲ್ಸ್ ಕೀಳುವ ಅಗತ್ಯವಿಲ್ಲ. ಗಟ್ಟಿಯಾಗಿ ಕೂತಿರುವ ಟೈಲ್ಸ್ ಒಳ್ಳೆಯ ತಳಪಾಯವೇ. ಆದರೆ ಟೊಳ್ಳು ಸದ್ದಿನ ಆ ಎರಡನ್ನು ಹಾಗೇ ಬಿಡಬೇಡಿ. ಅವನ್ನು ಮಾತ್ರ ಎಬ್ಬಿಸಿ, ಗುಂಡಿಯನ್ನು ಸಿಮೆಂಟ್ ಗಾರೆಯಿಂದ ಸುತ್ತಲಿನ ಟೈಲ್ಸ್ ಮಟ್ಟಕ್ಕೆ ತುಂಬಿಸಿ, ಪೂರ್ತಿ ಒಣಗಲು ಬಿಡಿ. ಟೈಲ್ಸ್ ನಡುವಿನ ಸಂದುಗಳು ಮಾಮೂಲಿ ಅಗಲದವಾದರೆ ತುಂಬಬೇಕಿಲ್ಲ, ಹಲಗೆಯ ಅಡಿಗೆ ಹಾಸುವ ತೆಳು ಪದರ, ಅಂದರೆ ಅಂಡರ್‌ಲೇ, ಅದನ್ನು ದಾಟಿಕೊಳ್ಳುತ್ತದೆ.

ಆಮೇಲೆ 2 ಮೀಟರ್ ಉದ್ದದ ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ನೆಲದ ಮೇಲಿಟ್ಟು ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಸರಿಸುತ್ತಾ ಹೋಗಿ. ಪಟ್ಟಿಯ ಅಡಿ 3 ಮಿ.ಮೀ.ಗಿಂತ ಹೆಚ್ಚು ಬೆಳಕು ಕಂಡ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕಿ. ಉಬ್ಬಿದ್ದರೆ ಉಜ್ಜಿಸಬೇಕು, ತಗ್ಗಿದ್ದರೆ ತಾನೇ ಹರಡಿ ಮಟ್ಟವಾಗುವ ಸೆಲ್ಫ್ ಲೆವೆಲಿಂಗ್ ಗಾರೆ ಸುರಿಯಬೇಕು. ಟೈಲ್ಸ್ ನುಣುಪಾಗಿರುವುದರಿಂದ ಆ ಗಾರೆಗೆ ಮೊದಲು ಪ್ರೈಮರ್ ಹಚ್ಚದಿದ್ದರೆ ಅದು ಹಪ್ಪಳದ ಹಾಗೆ ಎದ್ದು ಬರುತ್ತದೆ. ತಗ್ಗಿಗೆ ರಟ್ಟು, ಫೋಮ್ ತುಂಡು ತುರುಕುವುದು ಬೇಡ, ಕೆಲವೇ ತಿಂಗಳಲ್ಲಿ ಅಪ್ಪಚ್ಚಿಯಾಗಿ ತಗ್ಗು ಮತ್ತೆ ಬಾಯಿ ತೆರೆಯುತ್ತದೆ. ಒಂದು ಮಾತು: ನೆಲ ಇಡಿಯಾಗಿ ಒಂದು ಕಡೆಗೆ ಸ್ವಲ್ಪ ವಾಲಿದ್ದರೆ ತೊಂದರೆ ಇಲ್ಲ. ಏರುತಗ್ಗು ಇರಬಾರದು ಅಷ್ಟೇ.

ತೇವದ ವಿಷಯ. ನೆಲ ಅಂತಸ್ತು ಅಂದಮೇಲೆ ಪರೀಕ್ಷೆ ಮಾಡಿಯೇ ಮುಂದುವರಿಯಿರಿ. ಆ ಗುಂಡಿ ತುಂಬಿಸುವ ಮೊದಲು, ಕಾಂಕ್ರೀಟ್ ಕಾಣುವ ಜಾಗದ ಮೇಲೆ ದಪ್ಪ ಪಾಲಿಥೀನ್ ಹಾಳೆ ಹರಡಿ ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಎರಡು ಮೂರು ದಿನ ಬಿಡಿ. ಹಾಳೆಯ ಒಳಗೆ ಬೆವರು ಕೂತಿದ್ದರೆ ಅಥವಾ ಅಡಿಯ ನೆಲ ಕಪ್ಪಾಗಿದ್ದರೆ ತೇವ ಇದೆ ಎಂದರ್ಥ. ಏನೂ ಕಾಣದಿದ್ದರೂ ನೆಲ ಒಣಗಿದೆ ಎಂದು ಪೂರ್ತಿ ಖಾತ್ರಿಯಲ್ಲ, ಇದು ಒರಟು ಪರೀಕ್ಷೆ. ಸರಿಯಾದ ಮೀಟರಿನಲ್ಲಿ ಅಳೆಸಿದರೆ ಸಿಮೆಂಟ್ ನೆಲಕ್ಕೆ ಸಾಮಾನ್ಯವಾಗಿ ಹೇಳುವ ಮಿತಿ ಸಿಎಂ (ನೆಲದ ಚೂರನ್ನು ಕ್ಯಾಲ್ಸಿಯಂ ಕಾರ್ಬೈಡ್ ಜೊತೆ ಬೆರೆಸಿ ಅಳೆಯುವ) ವಿಧಾನದಲ್ಲಿ 2%.

ಫಲಿತಾಂಶ ಏನೇ ಬರಲಿ, ಟೈಲ್ಸ್ ಮೇಲೆ 0.2 ಮಿ.ಮೀ. ಅಂದರೆ 200 ಮೈಕ್ರಾನ್ ಪಾಲಿಥೀನ್ ಹಾಳೆ ಹಾಸಲೇಬೇಕು. ಒಂದು ಹಾಳೆಯ ಮೇಲೆ ಇನ್ನೊಂದು 20 ಸೆಂ.ಮೀ. ಹೊದ್ದಿರಲಿ, ಕೂಡಿದ ಕಡೆ ಉದ್ದಕ್ಕೂ ಟೇಪ್ ಇರಲಿ, ಗೋಡೆಗೆ ಕೆಲವು ಸೆಂ.ಮೀ. ಹತ್ತಿಸಿ ಬಿಡಿ, ಸ್ಕರ್ಟಿಂಗ್ ಕೂರಿಸುವಾಗ ಹೆಚ್ಚಾದದ್ದನ್ನು ಕತ್ತರಿಸಿದರಾಯಿತು. ಟೈಲ್ಸ್ ಇದೆಯಲ್ಲ, ತೇವ ಹೇಗೆ ಬರುತ್ತದೆ ಎನ್ನಬೇಡಿ. ಟೈಲ್ಸ್ ತಡೆದರೂ ಸಂದಿನ ಸಿಮೆಂಟ್ ತಡೆಯುವುದಿಲ್ಲ. ಆದರೆ ಕೆಳಗಿರುವುದು ಮರದ ನೆಲವಾದರೆ ಈ ಹಾಳೆ ಹಾಕಬಾರದು, ಮರದ ತೇವ ಹೊರಹೋಗದೆ ಅಲ್ಲೇ ಕೊಳೆಯುತ್ತದೆ. ನಿಮಗೆ ಅದು ಅನ್ವಯಿಸದು, ಇದನ್ನು ಓದುವ ಬೇರೆಯವರಿಗಾಗಿ ಬರೆದೆ.

ಇನ್ನು ಹಲಗೆ. ಲ್ಯಾಮಿನೇಟ್ ಅಂದರೆ ನಡುವೆ ಮರದ ನಾರನ್ನು ಒತ್ತಿ ಮಾಡಿದ ಎಚ್‌ಡಿಎಫ್, ಅದರ ಮೇಲೆ ಮರದ ಚಿತ್ರದ ಕಾಗದ, ಅದರ ಮೇಲೆ ಅಲ್ಯೂಮಿನಿಯಂ ಆಕ್ಸೈಡ್ ಕಣಗಳಿರುವ ಮೆಲಮಿನ್ ಪದರ, ಅಡಿಯಲ್ಲಿ ಹಲಗೆ ಬಾಗದಂತೆ ಹಿಡಿಯುವ ಇನ್ನೊಂದು ಪದರ. ಎಸಿ ಸಂಖ್ಯೆ ಹೇಳುವುದು ಮೇಲಿನ ಆ ಪದರ ಸವೆತಕ್ಕೆ ಎಷ್ಟು ತಡೆಯುತ್ತದೆ ಎಂಬುದನ್ನು ಮಾತ್ರ. ಯುರೋಪಿನ ಇಎನ್ 13329 ಮಾನದಂಡದಲ್ಲಿ ಎಸಿ3 ಅಂದರೆ ಮನೆಯ ಹೆಚ್ಚು ಬಳಕೆಗೆ (ವರ್ಗ 23) ಮತ್ತು ಕಚೇರಿಯಂಥ ಜಾಗದ ಹಗುರ ಬಳಕೆಗೆ (ವರ್ಗ 31). ಎಸಿ4 ವರ್ಗ 32, ಎಸಿ5 ವರ್ಗ 33, ಇವೆರಡೂ ಕಚೇರಿ, ಅಂಗಡಿಯಂಥ ಜಾಗಕ್ಕೆ. ಮಲಗುವ ಕೋಣೆಗೆ ಎಸಿ3 ಸಾಕು. ಮರಳು ಕಾಲಿಗೆ ಅಂಟಿ ಬರುವ ನಡುಮನೆಗೆ ಎಸಿ4 ಇರಲಿ. ಎಸಿ5 ಹಾಕಿದ ಮಾತ್ರಕ್ಕೆ ನೀರು ತಡೆಯುವುದಿಲ್ಲ, ಹಲಗೆಗಳನ್ನು ಒಂದಕ್ಕೊಂದು ಹಿಡಿಸುವ ಕೊಂಡಿ ಗಟ್ಟಿಯಾಗುವುದೂ ಇಲ್ಲ.

ನೀರಿನ ಬಗ್ಗೆ ತಿಳಿಯಬೇಕಾದರೆ ತಾಂತ್ರಿಕ ಹಾಳೆಯಲ್ಲಿ 'ದಪ್ಪದ ಉಬ್ಬು' (ಥಿಕ್‌ನೆಸ್ ಸ್ವೆಲ್ಲಿಂಗ್) ಎಷ್ಟು ಶೇಕಡ ಎಂದು ಕೇಳಿ. 18% ಅಂದರೆ 8 ಮಿ.ಮೀ. ಹಲಗೆಯ ಅಂಚು ನೆನೆದಾಗ 1.4 ಮಿ.ಮೀ. ಏರುತ್ತದೆ, ಬರಿಗಾಲಿಗೆ ಚೆನ್ನಾಗಿ ತಾಗುತ್ತದೆ. 8% ಆದರೆ 0.6 ಮಿ.ಮೀ. ಎರಡು ಹಲಗೆಗಳ ನಡುವೆ ಆರಿಸುವಾಗ ಎಸಿ ಸಂಖ್ಯೆಗಿಂತ ಈ ಅಂಕಿಗೆ ಬೆಲೆ ಕೊಡಿ. ಹಲಗೆಯ ಅಂಟಿನಿಂದ ಹೊರಬರುವ ಫಾರ್ಮಾಲ್ಡಿಹೈಡ್ ಅನಿಲದ ವಿಷಯದಲ್ಲಿ ಇ1 ದರ್ಜೆ ಅಥವಾ ಅದಕ್ಕಿಂತ ಕಡಿಮೆ ಎಂದು ಬರೆದಿರಲಿ.

8 ಇಲ್ಲವೇ 12? ಸಮತಟ್ಟಾದ ನೆಲದಲ್ಲಿ ಒಳ್ಳೆಯ ಕೊಂಡಿಯ 8 ಮಿ.ಮೀ. ವರ್ಷಗಟ್ಟಲೆ ನಿಲ್ಲುತ್ತದೆ. 12 ಮಿ.ಮೀ. ಹಲಗೆ ನಡೆದಾಗ ಸ್ವಲ್ಪ ಗಟ್ಟಿ ಅನ್ನಿಸುತ್ತದೆ, ಸದ್ದು ಕಡಿಮೆ. ಆದರೆ 2 ಮಿ.ಮೀ. ಅಂಡರ್‌ಲೇ ಸೇರಿ ನೆಲ 14 ಮಿ.ಮೀ. ಏರುತ್ತದೆ, ಬಾಗಿಲ ಅಡಿ ಅಷ್ಟು ಜಾಗ ಇದೆಯೇ ಅಳೆಯಿರಿ. 8 ಮತ್ತು 2 ಸೇರಿದರೆ 10 ಮಾತ್ರ. ಏರುತಗ್ಗಿನ ನೆಲಕ್ಕೆ ದಪ್ಪ ಹಲಗೆ ಹಾಕಿದರೆ ಸರಿಹೋಗುತ್ತದೆ ಎಂಬುದು ತಪ್ಪು ನಂಬಿಕೆ, 12 ಕೂಡ ಟೊಳ್ಳಿನ ಮೇಲೆ ಬಾಗುತ್ತದೆ, ಕೊಂಡಿ ಮುರಿಯುತ್ತದೆ.

ಬೆಣೆಸುತ್ತಿಗೆ

5 ಮಿ.ಮೀ. ಫೋಮ್ ಆಸೆ ಬಿಟ್ಟುಬಿಡಿ ಸರ್. ಮೆತ್ತಗಿದ್ದಷ್ಟೂ ನೆಲಕ್ಕೆ ಕೇಡು. ಕಾಲಿಟ್ಟಾಗ ಒಂದು ಹಲಗೆ ತಗ್ಗುತ್ತೆ, ಪಕ್ಕದ್ದು ತಗ್ಗಲ್ಲ, ಆ ತಿರುಚು ಪೂರಾ ಬೀಳೋದು 2-3 ಮಿ.ಮೀ. ದಪ್ಪದ ಕೊಂಡಿಯ ನಾಲಿಗೆ ಮೇಲೆ. ದಿನಕ್ಕೆ ನೂರು ಸಲ ಹೀಗೆ ಆದರೆ ನಾಲಿಗೆ ಸೀಳಿ ಸಂದು ಬಿಡುತ್ತೆ. 2 ಅಥವಾ 3 ಮಿ.ಮೀ. ಅಂಡರ್‌ಲೇ ಸಾಕು, ಬೆರಳಿನಿಂದ ಒತ್ತಿದರೆ ಸುಲಭಕ್ಕೆ ತಗ್ಗಬಾರದು. ಪ್ಯಾಕಿನ ಮೇಲೆ ಒತ್ತಡ ತಡೆಯುವ ಶಕ್ತಿ ಸಿಎಸ್ ಅಂತ ಕಿಲೋಪ್ಯಾಸ್ಕಲ್‌ನಲ್ಲಿ ಬರೆದಿದ್ದರೆ 60ಕ್ಕಿಂತ ಮೇಲಿರೋದು ನೋಡಿ. ಹಲಗೆಯ ಅಡಿಗೇ ಅಂಡರ್‌ಲೇ ಅಂಟಿಸಿ ಬಂದಿದ್ದರೆ ಇನ್ನೊಂದು ಹಾಕಬೇಡಿ. ಅಂಡರ್‌ಲೇ ಅಂಚಿಗೆ ಅಂಚು ಕೂಡಿಸಿ ಹಾಸಿ, ಒಂದರ ಮೇಲೊಂದು ಬರಬಾರದು.

ಈಗ ಲೆಕ್ಕ. ಬೆಳಕು ಗಿಡ್ಡ ಗೋಡೆಯಿಂದ ಬರುತ್ತೆ ಅಂದರೆ ಹಲಗೆ 4.60ರ ಉದ್ದಕ್ಕೆ ಓಡಲಿ, ಬೆಳಕಿನ ದಿಕ್ಕಿಗೆ ಓಡಿದರೆ ಕೂಡುಗೆರೆಗಳು ಕಣ್ಣಿಗೆ ಹೊಡೆಯಲ್ಲ. ಹಲಗೆ ಹಿಗ್ಗೋಕೆ ಗೋಡೆ ಸುತ್ತ 10 ಮಿ.ಮೀ. ಸಂದು ಬಿಟ್ಟರೆ ಅಗಲಕ್ಕೆ ಉಳಿಯೋದು 3500 ಮಿ.ಮೀ. 193ರಂತೆ 18 ಸಾಲು ಹಾಕಿದರೆ 3474, ಉಳಿದದ್ದು 26 ಮಿ.ಮೀ. ಕಡ್ಡಿಯಂಥ ಸಾಲು. ಅದನ್ನು ಕೊಯ್ಯೋದೂ ಕಷ್ಟ, ಕೊಂಡಿ ಕೂರಿಸೋದೂ ಕಷ್ಟ. ಕೊನೆ ಸಾಲು 50 ಮಿ.ಮೀ.ಗಿಂತ ಕಿರಿದಾಗಬಾರದು. ಅದಕ್ಕೆ 193ಕ್ಕೆ 26 ಕೂಡಿಸಿ ಎರಡು ಪಾಲು ಮಾಡಿ: 109.5. ಮೊದಲ ಸಾಲು 109.5, ನಡುವೆ 17 ಪೂರ್ತಿ ಸಾಲು, ಕೊನೆ ಸಾಲೂ 109.5. ಎರಡೂ ಗೋಡೆ ಹತ್ತಿರ ಒಂದೇ ಅಗಲ ಬಂದು ನೋಡೋಕೂ ಚೆನ್ನ. ಮೊದಲ ಸಾಲಲ್ಲಿ ಗೋಡೆ ಕಡೆಯ ಅಂಚನ್ನೇ ಕೊಯ್ಯಬೇಕು, ಮುಂದಿನ ಸಾಲನ್ನು ಹಿಡಿಯೋ ಅಂಚು ಉಳಿಯಬೇಕು.

ಉದ್ದಕ್ಕೆ 4580. ಮೂರು ಪೂರ್ತಿ ಹಲಗೆ 4140, ಆಮೇಲೆ 440ರ ತುಂಡು. ಆ ಹಲಗೆಯಲ್ಲಿ ಮಿಕ್ಕ 940 ಎರಡನೇ ಸಾಲಿನ ಶುರುವಿಗೆ. ಎರಡನೇ ಸಾಲಿನ ಕೊನೆಗೆ 880 ಬೇಕು, ಮಿಕ್ಕ 500 ಮೂರನೇ ಸಾಲಿಗೆ. ಮೂರನೇ ಸಾಲಿನ ಕೊನೆಗೆ 1320 ಹೋಗುತ್ತೆ, ಉಳಿಯೋ 60 ಮಿ.ಮೀ. ಬಿಸಾಡೋದೇ. ನಾಲ್ಕನೇ ಸಾಲು ಮತ್ತೆ ಪೂರ್ತಿ ಹಲಗೆಯಿಂದ. ಪಕ್ಕದ ಸಾಲುಗಳ ತುದಿಗೂಡುಗಳ ನಡುವೆ ಎಲ್ಲೂ 440ಕ್ಕಿಂತ ಕಡಿಮೆ ಬರಲ್ಲ. 300 ಇರಲೇಬೇಕು, ಹಾಗಾಗಿ ಒಳ್ಳೇ ಹೊಂದಾಣಿಕೆ. ಗರಗಸ ತಿನ್ನೋ ಒಂದೆರಡು ಮಿ.ಮೀ. ಇದರಲ್ಲಿ ಲೆಕ್ಕ ಹಿಡಿದಿಲ್ಲ, ಪ್ರತಿ ತುಂಡನ್ನೂ ಜಾಗದಲ್ಲಿ ಅಳೆದೇ ಕೊಯ್ಯಿರಿ.

ಅಂದರೆ ಮೂರು ಸಾಲಿಗೆ 10 ಹಲಗೆ, 19 ಸಾಲಿಗೆ 64. ಕೊಯ್ದ ಸಾಲಿನಲ್ಲಿ ಮಿಕ್ಕ 83 ಮಿ.ಮೀ. ಪಟ್ಟಿ ಇನ್ನೊಂದು ಅಂಚಿಗೆ ಸಾಲಲ್ಲ, ಅದು ನಷ್ಟಕ್ಕೇ. 64 ಅಂದರೆ ಸರಿಯಾಗಿ 8 ಪ್ಯಾಕ್. ಆದರೆ 8 ತರಬೇಡಿ, 9 ತನ್ನಿ. ಒಂದು ಹಲಗೆಯ ಮೂಲೆ ಒಡೆದಿದ್ದರೂ ಕೆಲಸ ನಿಲ್ಲುತ್ತೆ, ಅದೇ ಬಣ್ಣದ ಅದೇ ಬ್ಯಾಚ್ ಆಮೇಲೆ ಸಿಗುತ್ತೆ ಅನ್ನೋ ಖಾತ್ರಿ ಇಲ್ಲ. ಮಿಕ್ಕದ್ದನ್ನು ಒಣ ಜಾಗದಲ್ಲಿ ಅಡ್ಡಕ್ಕೆ ಮಲಗಿಸಿ ಇಟ್ಟುಕೊಳ್ಳಿ, ರಿಪೇರಿಗೆ ಬೇಕಾಗುತ್ತೆ.

ಪ್ಯಾಕ್ ಒಡೆಯದೆ ಅದೇ ಕೋಣೆಯಲ್ಲಿ 48 ಗಂಟೆ ಅಡ್ಡಕ್ಕೆ ಮಲಗಿಸಿಡಿ. ಗೋಡೆಗೆ ಒರಗಿಸಿ ನಿಲ್ಲಿಸಿದರೆ ಬಾಗುತ್ತೆ. ಹಾಕುವಾಗ ಮೂರು ಪ್ಯಾಕ್ ಒಟ್ಟಿಗೆ ತೆಗೆದು ಬೆರೆಸಿಕೊಳ್ಳಿ, ಇಲ್ಲದಿದ್ದರೆ ಒಂದೇ ಗಂಟಿನ ಚಿತ್ರ ಅಕ್ಕಪಕ್ಕ ಬಂದು ಕೂರುತ್ತೆ. ಬೆಳಕಿನಲ್ಲಿ ಪ್ರತಿ ಹಲಗೆಯ ಮೂಲೆ, ಅಂಚು ನೋಡಿ ಹಾಕಿ.

ಮೊದಲ ಎರಡು ಸಾಲಲ್ಲೇ ಪೂರಾ ಕೋಣೆಯ ಹಣೆಬರಹ ಇರೋದು. ಗೋಡೆ ನೇರ ಇರುತ್ತೆ ಅಂತ ನಂಬಬೇಡಿ, ದಾರ ಕಟ್ಟಿ ನೋಡಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ಅದರ ಗೆರೆಯನ್ನು ಮೊದಲ ಸಾಲಿಗೆ ಇಳಿಸಿಕೊಂಡು ಕೊಯ್ಯಿರಿ. ಗೋಡೆಗೂ ಹಲಗೆಗೂ ನಡುವೆ ಪ್ರತಿ ಅರ್ಧ ಮೀಟರಿಗೆ, ಜೊತೆಗೆ ಪ್ರತಿ ತುದಿಗೂಡಿನ ಹತ್ತಿರ 10 ಮಿ.ಮೀ. ಬೆಣೆ. ಉದ್ದದ ಅಂಚನ್ನು 20-30 ಡಿಗ್ರಿ ಎತ್ತಿ, ತಳ್ಳುತ್ತಾ ಇಳಿಸಿದರೆ ತಾನೇ ಕೂರುತ್ತೆ. ಕೂರಲಿಲ್ಲ ಅಂದರೆ ಸುತ್ತಿಗೆಗೆ ಕೈಹಾಕಬೇಡಿ, ಮತ್ತೆ ಎತ್ತಿ, ನಾಲಿಗೆ ಕೂರೋ ತೋಡನ್ನು ಬೆರಳಲ್ಲಿ ಸವರಿ. ಅಕ್ಕಿಕಾಳಿಗಿಂತ ಸಣ್ಣ ಹೊಟ್ಟಿನ ಚೂರು ಇದ್ದರೂ ಕೂದಲೆಳೆಯಷ್ಟು ಸಂದು ಉಳಿಯುತ್ತೆ, ಆ ಸಂದು ಮುಂದಿನ ಸಾಲಿಗೆ ಹರಿದು ಐದನೇ ಸಾಲಿನ ಹೊತ್ತಿಗೆ ಕೊಂಡಿಯೇ ಹಿಡಿಯಲ್ಲ. ಬಡಿಯಲೇಬೇಕಾದರೆ ಟ್ಯಾಪಿಂಗ್ ಬ್ಲಾಕ್ (ಹಲಗೆಯಂಚಿಗೆ ಪೆಟ್ಟು ತಾಗದಂತೆ ನಡುವೆ ಇಡೋ ತುಂಡು) ಇಟ್ಟು, ಸಣ್ಣ ಪೆಟ್ಟು. ತುದಿಗೆ ಪ್ಲಾಸ್ಟಿಕ್ ನಾಲಿಗೆ ಇರೋ ಹಲಗೆಯಾದರೆ ಪಕ್ಕದಿಂದ ಬಡಿಯೋದೇ ಬೇಡ, ಮೇಲಿಂದ ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದರೆ ಟಕ್ ಅಂತ ಕೂರುತ್ತೆ. ಆ ಸದ್ದು ಬರದಿದ್ದರೆ ಕೂತಿಲ್ಲ ಅಂತಲೇ.

ಕೈಗರಗಸದಲ್ಲಿ ಕೊಯ್ಯುವಾಗ ಚಿತ್ರ ಮೇಲೆ, ಜಿಗ್‌ಸಾದಲ್ಲಿ ಚಿತ್ರ ಕೆಳಗೆ. ಅಲ್ಯೂಮಿನಿಯಂ ಆಕ್ಸೈಡ್ ಬ್ಲೇಡನ್ನು ಬೇಗ ಮೊಂಡು ಮಾಡುತ್ತೆ, ಅಂಚು ಚಕ್ಕೆ ಏಳೋಕೆ ಶುರುವಾದರೆ ಬ್ಲೇಡ್ ಬದಲಿಸಿ. ಕೊಯ್ಯೋದು ಹೊರಗೆ, ಮಾಸ್ಕ್ ಹಾಕಿಕೊಂಡು.

ಹೊಸನೆಲ

ಇಬ್ಬರಿಗೂ ತುಂಬಾ ಧನ್ಯವಾದ. 9 ಪ್ಯಾಕ್, 8 ಮಿ.ಮೀ., 2 ಮಿ.ಮೀ. ಅಂಡರ್‌ಲೇ, ಇಷ್ಟು ನಿರ್ಧಾರ ಆಯ್ತು. ಇನ್ನೆರಡು ಸಂಶಯ. ಬಾಗಿಲ ಚೌಕಟ್ಟಿನ ಸುತ್ತ 10 ಮಿ.ಮೀ. ಸಂದು ಬಿಟ್ಟರೆ ಅಲ್ಲಿ ಸ್ಕರ್ಟಿಂಗ್ ಇರಲ್ಲ, ಕಾಣುತ್ತಲ್ಲ? ಸಿಲಿಕೋನ್ ತುಂಬಿಸಬಹುದಾ? ಇನ್ನೊಂದು, ಇದೇ ಹಲಗೆಯನ್ನು ಪಕ್ಕದ ಅಡುಗೆಮನೆಗೂ ಒಂದೇ ಉಸಿರಿಗೆ ಎಳೆಯಬಹುದಾ? ಪ್ಯಾಕಿನ ಮೇಲೆ ವಾಟರ್‌ಪ್ರೂಫ್ ಅಂತ ಬರೆದಿದೆ.

ಮರಹಲಗೆ

ಚೌಕಟ್ಟಿನ ಸುತ್ತ ಹಲಗೆ ಕೊಯ್ಯಬೇಡಿ, ಚೌಕಟ್ಟನ್ನೇ ಅಡಿಯಲ್ಲಿ ಕೊಯ್ಯಿರಿ. ಹಲಗೆಯ ಒಂದು ತುಂಡನ್ನು ಅಂಡರ್‌ಲೇ ತುಂಡಿನ ಮೇಲಿಟ್ಟು ಚೌಕಟ್ಟಿಗೆ ತಾಗಿಸಿ. ಅದರ ಮೇಲೆ ಕೈಗರಗಸವನ್ನು ಮಲಗಿಸಿ ಕೊಯ್ದರೆ ಬೇಕಾದಷ್ಟೇ ಎತ್ತರಕ್ಕೆ ಸೀಳು ಬೀಳುತ್ತದೆ. ಹಲಗೆ ಅದರೊಳಗೆ ನುಗ್ಗುತ್ತದೆ, ಸಂದು ಚೌಕಟ್ಟಿನ ಅಡಿ ಅಡಗುತ್ತದೆ. ಒಳಗೂ ಹಲಗೆ ಗೋಡೆಗೆ ತಾಗಬಾರದು ಎಂಬುದನ್ನು ಮರೆಯಬೇಡಿ, ಎಷ್ಟೋ ನೆಲ ಎದ್ದು ನಿಲ್ಲುವುದು ಈ ಒಂದು ಬಿಂದುವಿನಿಂದ.

ಅಲ್ಲಿ ಹಲಗೆಯನ್ನು ಎತ್ತಿ ಇಳಿಸಲು ಜಾಗ ಸಿಗುವುದಿಲ್ಲ. ಆಗ ತೋಡಿನ ಕೆಳತುಟಿಯಲ್ಲಿರುವ ಉಬ್ಬು ಅಂಚನ್ನು ಉಳಿಯಿಂದ ಸವರಿ ತೆಗೆದು, ತೇವ ತಡೆಯುವ ಡಿ3 ದರ್ಜೆಯ ಬಿಳಿ ಅಂಟು ಸಣ್ಣಗೆ ಹಚ್ಚಿ, ಹಲಗೆಯನ್ನು ನೆಲಕ್ಕೆ ಮಲಗಿಸಿಯೇ ಪುಲ್ ಬಾರ್ ಎಂಬ ಕೊಕ್ಕೆಪಟ್ಟಿಯಿಂದ ಎಳೆದು ಕೂಡಿಸಬೇಕು. ಅಂಟು ಒಣಗುವವರೆಗೆ ಬೆಣೆ ಬಿಗಿಯಾಗಿರಲಿ. ಗೋಡೆಯಂಚಿನ ಕೊನೆ ಸಾಲಿಗೂ ಪುಲ್ ಬಾರ್ ಬೇಕೇ ಬೇಕು.

ಸಂದಿಗೆ ಗಟ್ಟಿಯಾಗುವ ಯಾವುದನ್ನೂ ತುಂಬಬೇಡಿ. ಈ ನೆಲಕ್ಕೆ ಅಂಟಿಲ್ಲ, ಮೊಳೆ ಇಲ್ಲ. ಗಾಳಿಯ ತೇವಕ್ಕೆ ತಕ್ಕಂತೆ ಮೀಟರಿಗೆ ಸುಮಾರು 1 ಮಿ.ಮೀ. ಹಿಗ್ಗಿ ಕುಗ್ಗುತ್ತದೆ. ಮೂರೂವರೆ ಮೀಟರಿಗೆ ಮೂರು ನಾಲ್ಕು ಮಿ.ಮೀ. ಆಯಿತು. ನೀರಿನ ಕೊಳವೆ ನೆಲದಿಂದ ಮೇಲೆ ಬರುತ್ತಿದ್ದರೆ ಕೊಳವೆಯ ವ್ಯಾಸಕ್ಕಿಂತ 20 ಮಿ.ಮೀ. ದೊಡ್ಡ ತೂತು ಕೊರೆಯಿರಿ. ಸ್ಕರ್ಟಿಂಗ್ ಗೋಡೆಗೆ ಕೂರಲಿ, ಹಲಗೆಗೆ ಅಲ್ಲ, ದಪ್ಪ ಕಡೇಪಕ್ಷ 15 ಮಿ.ಮೀ. ಇದ್ದರೆ 10ರ ಸಂದು ನೆಮ್ಮದಿಯಾಗಿ ಮುಚ್ಚುತ್ತದೆ. ಬಾಗಿಲ ತಡೆಯನ್ನು ಲ್ಯಾಮಿನೇಟ್ ಮೂಲಕ ನೆಲಕ್ಕೆ ಸ್ಕ್ರೂ ಹೊಡೆದರೆ ಇಡೀ ಕೋಣೆಯನ್ನು ಅಲ್ಲಿ ಕಟ್ಟಿಹಾಕಿದ ಹಾಗೆ. ಅದೂ ಗೋಡೆಗೇ ಹೋಗಲಿ.

ಅಡುಗೆಮನೆಗೆ ಒಂದೇ ಉಸಿರಿಗೆ ಎಳೆಯಬೇಡಿ. ಎರಡು ಕೋಣೆ ಬೇರೆಬೇರೆಯಾಗಿ ಹಿಗ್ಗುತ್ತವೆ, ಆ ಒತ್ತಡವೆಲ್ಲ ಬಾಗಿಲಿನ ಕಿರಿದಾದ ಕುತ್ತಿಗೆಗೆ ಬರುತ್ತದೆ. ಮುಚ್ಚಿದ ಬಾಗಿಲ ನೇರ ಅಡಿಗೆ ಸಂದು ಬಿಟ್ಟು, ಅದನ್ನು ಮುಚ್ಚುವ ಟಿ ಆಕಾರದ ಪಟ್ಟಿ ಹಾಕಿ. ಪಟ್ಟಿಯ ಸ್ಕ್ರೂ ಸಂದಿನೊಳಗೆ ಕಾಂಕ್ರೀಟಿಗೆ ಹೋಗಬೇಕು, ಸ್ಕ್ರೂ ಹಾಕುವ ಜಾಗದಲ್ಲಿ ಪಾಲಿಥೀನ್ ತೂತಾಗುವುದರಿಂದ ಅಂಟಿನಿಂದ ಕೂರುವ ಪಟ್ಟಿಯೇ ಮೇಲು.

ವಾಟರ್‌ಪ್ರೂಫ್ ಎಂಬುದು ಮೇಲೆ ಚೆಲ್ಲಿದ ನೀರು ಇಷ್ಟು ಗಂಟೆ ಕೂಡುಗಳಲ್ಲಿ ಇಳಿಯದು ಎಂಬ ಮಾತು. ಗೋಡೆಯಂಚಿನಿಂದ ಅಡಿಗೆ ಹರಿದ ನೀರಿಗೆ ಅದು ಅನ್ವಯಿಸದು. ಹಲಗೆಯ ಅಡಿ ಪಾಲಿಥೀನ್ ಇರುವುದರಿಂದ ಆ ನೀರು ಕೆಳಗೂ ಇಳಿಯದೆ ಅಲ್ಲೇ ನಿಂತು ಎಚ್‌ಡಿಎಫ್ ಕುಡಿಯುತ್ತದೆ. ನೀರು ಸುರಿದು ತೊಳೆಯುವ ಅಭ್ಯಾಸ ಇರುವ ಅಡುಗೆಮನೆಗೆ ಲ್ಯಾಮಿನೇಟ್ ಬೇಡ, ಟೈಲ್ಸ್ ಇರಲಿ ಅಥವಾ ಎಸ್‌ಪಿಸಿ (ಕಲ್ಲುಪುಡಿ, ಪ್ಲಾಸ್ಟಿಕ್ ಬೆರೆತ ಹಲಗೆ) ನೋಡಿ. ಎಸ್‌ಪಿಸಿ ನೀರಿಗೆ ಉಬ್ಬುವುದಿಲ್ಲ, ಆದರೆ ನೇರ ಬಿಸಿಲಿಗೆ ಹಿಗ್ಗುತ್ತದೆ, ಅದಕ್ಕೂ ಸಂದು ಬೇಕು. ಹಾಕಲೇಬೇಕು ಎಂದಾದರೆ ಕಪಾಟುಗಳನ್ನು ಮೊದಲು ಕೂರಿಸಿ, ನೆಲವನ್ನು ಅವುಗಳ ಕಾಲಿನವರೆಗೆ ತಂದು ನಿಲ್ಲಿಸಿ. ಕಲ್ಲಿನ ಕಟ್ಟೆ ಹೊತ್ತ ಕಪಾಟು ಲ್ಯಾಮಿನೇಟ್ ಮೇಲೆ ಕೂತರೆ ಹಲಗೆ ಸರಿಯಲಾಗದೆ ಪಕ್ಕದ ಕೂಡುಗಳು ಬಾಯಿ ಬಿಡುತ್ತವೆ.

ರಸಮಟ್ಟ

ಮರಹಲಗೆ ಅವರ ಮಾತಿಗೆ ಒಂದು ಸೇರಿಕೆ. ಸಿಲಿಕೋನ್ ಪೂರ್ತಿ ನಿಷಿದ್ಧ ಎಂದಲ್ಲ. ನೀರು ತಾಗುವ ಅಂಚಿನಲ್ಲಿ ಸಂದಿಯೊಳಗೆ ಮೊದಲು ಮೆತ್ತನೆಯ ಫೋಮ್ ಹುರಿ ಇಳಿಸಿ, ಅದರ ಮೇಲೆ ತೆಳುವಾಗಿ, ಎಳೆದರೆ ಹಿಗ್ಗುವ ಸಿಲಿಕೋನ್ ಹಾಕುವ ಕ್ರಮವನ್ನು ಕೆಲವು ತಯಾರಕರೇ ತಮ್ಮ ಸೂಚನೆಯಲ್ಲಿ ಕೊಡುತ್ತಾರೆ. ಹುರಿ ಇಲ್ಲದೆ ಇಡೀ ಸಂದನ್ನು ತುಂಬುವುದು ಮಾತ್ರ ತಪ್ಪು.

ಮುಂದೆ ಎಂದಾದರೂ ಕೂಡು ಎದ್ದರೆ ಏನಾಗಿದೆ ಎಂದು ಕಾಲಿನಿಂದಲೇ ತಿಳಿಯಬಹುದು. ಎದ್ದ ಜಾಗವನ್ನು ತುಳಿಯಿರಿ. ತಗ್ಗಿ ಮತ್ತೆ ಎದ್ದರೆ, ಅಡಿ ಟೊಳ್ಳಾಗಿದ್ದರೆ, ನೆಲ ಎಲ್ಲೋ ಗೋಡೆಗೆ ತಾಗಿದೆ. ಸ್ಕರ್ಟಿಂಗ್ ಬಿಚ್ಚಿ ತಾಗಿದ ಕಡೆ 10 ಮಿ.ಮೀ. ಕೊಯ್ದರೆ ಕೆಲವು ದಿನಗಳಲ್ಲಿ ತಾನಾಗಿ ಕೂರುತ್ತದೆ. ತುಳಿದರೂ ಕದಲದೆ ಎರಡೂ ಹಲಗೆಯ ಅಂಚು ತುಟಿಯ ಹಾಗೆ ದಪ್ಪವಾಗಿದ್ದರೆ ನೀರು ಕುಡಿದಿದೆ. ಅದು ಒಣಗಿದರೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ, ಹಲಗೆ ಬದಲಿಸಲೇಬೇಕು. ಗೋಡೆಗೆ ಹತ್ತಿರವಿದ್ದರೆ ಆ ಕಡೆಯಿಂದ ಸಾಲು ಬಿಚ್ಚುತ್ತಾ ಬಂದು ಬದಲಿಸಿ ಮತ್ತೆ ಜೋಡಿಸಬಹುದು, ಬಿಚ್ಚಿದ ಹಲಗೆಗಳ ಹಿಂದೆ ಪೆನ್ಸಿಲ್ಲಿನಲ್ಲಿ ಅಂಕಿ ಬರೆದುಕೊಳ್ಳಿ. ಅಂಟು ಹಾಕಿದ ಕಡೆ ಮಾತ್ರ ಹೀಗೆ ಬಿಚ್ಚಲು ಬರುವುದಿಲ್ಲ, ಹಾಗಾಗಿ ಅಂಟನ್ನು ಚೌಕಟ್ಟಿನ ಹತ್ತಿರದ ಆ ಒಂದೆರಡು ಕೂಡಿಗಷ್ಟೇ ಇಡಿ.

ಒರೆಸುವಾಗ ಬಟ್ಟೆಯನ್ನು ಹನಿ ಬೀಳದಂತೆ ಹಿಂಡಿ. ಹಬೆಯ ಮಾಪ್ ಬೇಡವೇ ಬೇಡ.

ಬೆಣೆಸುತ್ತಿಗೆ

ಸ್ಕರ್ಟಿಂಗ್ ಹಾಕುವ ಮೊದಲು ಸುತ್ತ ಒಂದು ಸಲ ಬಗ್ಗಿ ನೋಡಿ ಸರ್, ಬೆಣೆಗಳನ್ನೆಲ್ಲ ತೆಗೆದಿದ್ದೀರಾ ಅಂತ. ಒಂದು ಬೆಣೆ ಒಳಗೇ ಉಳಿದರೂ ಅಲ್ಲಿ ಸಂದು ಇಲ್ಲದ ಹಾಗೇ.